ಆಸ್ಪತ್ರೆಯ ಉಕ್ತಲೇಖನ



ಉಕ್ತಲೇಖನವೆಂದರೇನೆಂಬುದನ್ನು ನಿಮಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಗುರುಗಳು ಒಂದೊಂದೇ ವಾಕ್ಯವನ್ನು ಸ್ಪಷ್ಟವಾಗಿ ಉಚ್ಚರಿಸುವರು. ನೀವು ಕಿವಿಗೊಟ್ಟು ಕೇಳಿ ಬರೆಯುವಿರಿ. ಆಮೇಲೆ ಕೆಂಪು ಮಸಿಯ ಲೇಖನಿಯು ನಿಮ್ಮ ಪುಸ್ತಕದ ಮೇಲೆ ಓಡಾಡುವುದು. ‘ಹಾಲು’ ಎಂದು ಬರೆಯಬೇಕಾದಲ್ಲಿ ‘ಹಾಳು’ ಎಂದು ಬರೆದವನಿಗೆ ಒಂದು ಅಂಕ ಹೋಗುವುದು. ತಪ್ಪಿದ ಪದವನ್ನು ಹತ್ತು ಸಲ ತಿದ್ದಿ ಬರೆದು ತಂದರೆ ವಿಷಯವು ಅಲ್ಲಿಗೆ ಮುಗಿಯುವುದು.

ಆದರೆ ಒಂದಕ್ಷರ ತಪ್ಪಿದರೆ ಅಂಕಕ್ಕೆ ಬದಲಾಗಿ ಮನುಷ್ಯನ ಪ್ರಾಣವೇ ಹೋಗಬಹುದಾದ ಉಕ್ತಲೇಖನವೂ ಒಂದುಂಟು. ವೈದ್ಯರು ರೋಗಿಯನ್ನು ಪರೀಕ್ಷಿಸಿ ತಮ್ಮ ಅಭಿಪ್ರಾಯವನ್ನು ಬಾಯಿಂದ ಹೇಳಿ ಧ್ವನಿಮುದ್ರಣ ಮಾಡಿಡುವರು. ಬೇರೊಬ್ಬರು ಅದನ್ನು ಕೇಳಿ ಬರಹಕ್ಕಿಳಿಸುವರು. ಈ ಉದ್ಯೋಗಕ್ಕೆ ವೈದ್ಯಕೀಯ ಪ್ರತಿಲೇಖನವೆಂದು ಹೆಸರು. ಲೋಕರೂಢಿಯಲ್ಲಿ ಎಲ್ಲರೂ ‘ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್’ ಎಂದೇ ಕರೆಯುತ್ತಾರೆ. ಈ ಉದ್ಯೋಗದ ಸ್ವರೂಪವೇನು, ಅದರಲ್ಲಿ ತೊಡಗಿದವರು ತಮ್ಮ ತಿಳಿವಳಿಕೆಯನ್ನು ಏಕೆ ದಿನದಿನವೂ ಹೊಸದಾಗಿ ಇಟ್ಟುಕೊಳ್ಳಬೇಕು, ಮತ್ತು ಹೇಗೆ ಇಟ್ಟುಕೊಳ್ಳಬೇಕು ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಉದ್ಯೋಗವು ಬೆಳೆದು ಬಂದ ಬಗೆ

ಹೇಳಿದ ಮಾತನ್ನು ವೇಗವಾಗಿ ಬರೆದುಕೊಳ್ಳುವ ಶೀಘ್ರಲಿಪಿಯ ಪದ್ಧತಿಯೊಂದನ್ನು ಇಂಗ್ಲೆಂಡಿನ ಐಸಾಕ್ ಪಿಟ್‌ಮನ್ 1837ರಲ್ಲಿ ಪ್ರಕಟಿಸಿದನು. ಅಮೇರಿಕಾದ ಥಾಮಸ್ ಎಡಿಸನ್ 1877ರಲ್ಲಿ ಧ್ವನಿಯನ್ನು ಹಿಡಿದಿಟ್ಟು ಮರಳಿ ನುಡಿಸುವ ಫೋನೋಗ್ರಾಫ್ ಯಂತ್ರವನ್ನು ನಿರ್ಮಿಸಿದನು. ಈ ಯಂತ್ರದ ಪ್ರಯೋಜನಗಳನ್ನು ಅವನು ಮರುವರ್ಷ ಪಟ್ಟಿಮಾಡಿದಾಗ, ಶೀಘ್ರಲಿಪಿಕಾರನ ಸಹಾಯವಿಲ್ಲದೆ ಪತ್ರಗಳನ್ನು ಹೇಳಿ ಬರೆಯಿಸುವುದನ್ನೇ ಮೊದಲಿಗಿಟ್ಟನು. ಹಾಡು ಸಂಗೀತಗಳು ಆಮೇಲೆ ಬಂದವು. 1907ರಲ್ಲಿ ‘ಡಿಕ್ಟಾಫೋನ್’ ಎಂಬ ಹೆಸರು ವ್ಯಾಪಾರಮುದ್ರೆಯಾಗಿ ನೋಂದಾವಣೆಗೊಂಡಿತು. ಮೇಣದ ಉರುಳೆಗಳ ಕಾಲ ಹೋಗಿ ಅಯಸ್ಕಾಂತದ ಪಟ್ಟಿ ಬಂದಿತು. ಅದೂ ಹೋಗಿ ಗಣಕಯಂತ್ರವೂ ಅಂತರ್ಜಾಲವೂ ಬಂದವು.

ಅಮೇರಿಕಾ ಸಂಯುಕ್ತ ಸಂಸ್ಥಾನದಲ್ಲಿ ಈ ಕೆಲಸ ಮಾಡುವವರು 1978ರಲ್ಲಿ ತಮ್ಮದೇ ಒಂದು ರಾಷ್ಟ್ರೀಯ ಸಂಘವನ್ನು ಕಟ್ಟಿಕೊಂಡರು. ಧ್ವನಿಯನ್ನು ಕ್ಷಣಾರ್ಧದಲ್ಲಿ ಸಮುದ್ರದಾಚೆಗೆ ಕಳುಹಿಸುವುದು ಸಾಧ್ಯವಾದ ಮೇಲೆ, 1990ರ ದಶಕದಿಂದ ಈ ಕೆಲಸ ಬೆಂಗಳೂರು, ಚೆನ್ನೈ, ಹೈದರಾಬಾದು ಮೊದಲಾದ ನಗರಗಳಿಗೂ ಬಂದಿತು. ಇದಕ್ಕೆ ಭೂಮಿಯ ತಿರುಗುವಿಕೆಯೂ ಸಹಾಯಮಾಡಿತು. ಚಳಿಗಾಲದಲ್ಲಿ ನ್ಯೂಯಾರ್ಕ್ ನಗರದ ಗಡಿಯಾರಕ್ಕಿಂತ ನಮ್ಮ ಗಡಿಯಾರವು ಹತ್ತೂವರೆ ಗಂಟೆ ಮುಂದಿರುತ್ತದೆ. ಅಲ್ಲಿಯ ವೈದ್ಯರು ಸಾಯಂಕಾಲ 6 ಗಂಟೆಗೆ ತಮ್ಮ ಮಾತನ್ನು ಮುಗಿಸಿ ಮನೆಗೆ ಹೊರಡುವಾಗ ಇಲ್ಲಿ ಬೆಳಗಿನ ಜಾವ ನಾಲ್ಕೂವರೆಯಾಗಿರುತ್ತದೆ. ಅವರು ನಿದ್ರಿಸಿ ಏಳುವುದರೊಳಗೆ ನಮ್ಮವರು ಬರೆದು ಮುಗಿಸಿದ ವರದಿಯು ಅವರ ಮೇಜಿನ ಮೇಲಿರುತ್ತದೆ.

2. ಕಿವಿಯೊಂದೇ ಸಾಲದು

ಕನ್ನಡದಲ್ಲಿ ಕೇಳಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ. ಇಂಗ್ಲಿಷ್ ಭಾಷೆಯಲ್ಲಿ ಆ ಸೌಕರ್ಯವಿಲ್ಲ. ಅದರಲ್ಲಿಯೂ ವೈದ್ಯಶಾಸ್ತ್ರದ ಪದಗಳು ಬಹುಮಟ್ಟಿಗೆ ಗ್ರೀಕ್ ಮತ್ತು ಲ್ಯಾಟಿನ್ ಮೂಲದವು. ‘ಇಲಿಯಮ್’ ಎಂಬ ಪದವನ್ನು ತೆಗೆದುಕೊಳ್ಳಿರಿ. ಇದು ಒಂದೇ ಪದವೆಂದು ಕಿವಿ ಹೇಳುತ್ತದೆ. ವಾಸ್ತವವಾಗಿ ಎರಡು ಪದಗಳುಂಟು. ಇಂಗ್ಲಿಷಿನಲ್ಲಿ ನಡುವೆ ‘ಇ’ ಅಕ್ಷರವಿಟ್ಟು ಬರೆದರೆ ಸಣ್ಣಕರುಳಿನ ಕೊನೆಯ ಭಾಗ. ಅದೇ ಸ್ಥಳದಲ್ಲಿ ‘ಐ’ ಅಕ್ಷರವಿಟ್ಟರೆ ಸೊಂಟದ ಅಗಲವಾದ ಎಲುಬು. ವೈದ್ಯರು ಮಾತನಾಡುತ್ತಿರುವುದು ಹೊಟ್ಟೆಯ ವಿಷಯವೋ ಎಲುಬಿನ ವಿಷಯವೋ ಎಂಬ ಅರಿವಿಲ್ಲದವನು ಎಷ್ಟು ಸಲ ಕೇಳಿದರೂ ಸರಿಯಾಗಿ ಬರೆಯಲಾರನು.

ಇನ್ನು ಕೆಲವು ಪದಗಳಲ್ಲಿ ಉಚ್ಚಾರಣೆಯ ಅಂತರವು ಕೂದಲೆಳೆಯಷ್ಟೇ ಇರುತ್ತದೆ. ‘ಡಿಸ್‌ಫೇಜಿಯ’ ಎಂದರೆ ನುಂಗಲು ಕಷ್ಟವಾಗುವುದು. ‘ಡಿಸ್‌ಫೇಸಿಯ’ ಎಂದರೆ ಮಾತು ತಡವರಿಸುವುದು. ‘ಹೈಪರ್‌ಗ್ಲೈಸೀಮಿಯ’ ಎಂದರೆ ರಕ್ತದಲ್ಲಿ ಸಕ್ಕರೆ ಹೆಚ್ಚಾಗಿರುವುದು. ‘ಹೈಪೋಗ್ಲೈಸೀಮಿಯ’ ಎಂದರೆ ಕಡಮೆಯಾಗಿರುವುದು. ಒಂದಕ್ಕೆ ಮದ್ದಾದುದು ಇನ್ನೊಂದಕ್ಕೆ ವಿಷವಾಗಬಹುದು.

ಈ ಪದಸಮುದ್ರವನ್ನು ದಾಟುವುದಕ್ಕೆ ವ್ಯಾಕರಣವೇ ದೋಣಿ. ಸಂಧಿ ಸಮಾಸಗಳನ್ನು ಬಿಡಿಸಲು ಕಲಿತ ಕನ್ನಡ ವಿದ್ಯಾರ್ಥಿಗೆ ಇದರಲ್ಲಿ ಒಂದು ಅನುಕೂಲವುಂಟು. ‘ಐಟಿಸ್’ ಎಂಬುದು ಪದದ ಕೊನೆಗೆ ಬಂದರೆ ಉರಿಯೂತ. ‘ಎಕ್ಟಮಿ’ ಬಂದರೆ ಅಂಗವನ್ನು ಕತ್ತರಿಸಿ ತೆಗೆಯುವುದು. ‘ಆಟಮಿ’ ಬಂದರೆ ಕೊಯ್ದು ತೆರೆಯುವುದು. ‘ಆಸ್ಟಮಿ’ ಬಂದರೆ ಹೊರಕ್ಕೆ ದಾರಿಯೊಂದನ್ನು ಮಾಡಿಡುವುದು. ದೊಡ್ಡಕರುಳಿಗೆ ಸಂಬಂಧಿಸಿದ ‘ಕೋಲೆಕ್ಟಮಿ’, ‘ಕೋಲಾಟಮಿ’, ‘ಕೋಲಾಸ್ಟಮಿ’ ಎಂಬ ಮೂರು ಶಸ್ತ್ರಚಿಕಿತ್ಸೆಗಳು ಕಿವಿಗೆ ಒಡಹುಟ್ಟಿದವುಗಳಂತೆ ಕೇಳಿಸಿದರೂ ರೋಗಿಯ ಪಾಲಿಗೆ ಮೂರು ಬೇರೆ ಬೇರೆ ವಿಧಿಗಳಾಗಿವೆ.

3. ಒಂದು ಸೊನ್ನೆಯ ಬೆಲೆ

ಅಮೇರಿಕಾದ ಅಲಬಾಮಾ ಪ್ರಾಂತದಲ್ಲಿ 2008ರಲ್ಲಿ ನಡೆದ ಒಂದು ಸಂಗತಿಯನ್ನು ಕೇಳಿರಿ. ಸಕ್ಕರೆರೋಗವಿದ್ದ ಮಹಿಳೆಯೊಬ್ಬರು ಆಸ್ಪತ್ರೆಯಿಂದ ಬಿಡುಗಡೆಯಾಗಿ ಆರೈಕೆಯ ಇನ್ನೊಂದು ಕೇಂದ್ರಕ್ಕೆ ಹೋದರು. ಅವರಿಗೆ ಕೊಡಬೇಕಾಗಿದ್ದುದು 8 ಘಟಕ ಇನ್ಸುಲಿನ್. ವೈದ್ಯರ ಮಾತನ್ನು ಕೇಳಿ ಬರೆದ ಬಿಡುಗಡೆಯ ಪತ್ರದಲ್ಲಿ ಅದು 80 ಎಂದಾಗಿತ್ತು. ಆ ಪತ್ರವನ್ನು ನಂಬಿ ಅಷ್ಟೇ ಮದ್ದನ್ನು ಕೊಟ್ಟರು, ಆಕೆ ಬದುಕಲಿಲ್ಲ. ಬರಹದ ಕೆಲಸವನ್ನು ಆಸ್ಪತ್ರೆಯು ಹೊರಗೆ ವಹಿಸಿಕೊಟ್ಟಿತ್ತು. ಅದು ಕೈಯಿಂದ ಕೈಗೆ ದಾಟಿ ನಮ್ಮ ಭಾರತಕ್ಕೂ ಬಂದಿತ್ತು. 2012ರಲ್ಲಿ ಅಲ್ಲಿಯ ನ್ಯಾಯಾಲಯದ ಪಂಚರು ಮೃತರ ಕುಟುಂಬಕ್ಕೆ 14 ಕೋಟಿ ಡಾಲರುಗಳ ಪರಿಹಾರವು ಸಲ್ಲಬೇಕೆಂದು ತೀರ್ಮಾನಿಸಿದರು. ಹಣವೆಷ್ಟೇ ಬರಲಿ, ಹೋದ ತಾಯಿ ಮನೆಗೆ ಮರಳಲಿಲ್ಲ.

ಇಂಗ್ಲಿಷಿನಲ್ಲಿ ‘ಏಟ್’ ಮತ್ತು ‘ಏಟಿ’ ಎಂಬ ನುಡಿಗಳ ನಡುವೆ ಇರುವುದು ಒಂದು ಹ್ರಸ್ವ ಸ್ವರ ಮಾತ್ರ. ‘ಫಿಫ್ಟೀನ್’ ಮತ್ತು ‘ಫಿಫ್ಟಿ’ ಎಂಬುವೂ ಹೀಗೆಯೇ. ಅಂತಹ ಸಂಖ್ಯೆ ಕಿವಿಗೆ ಬಿದ್ದಾಗ, ಈ ಮದ್ದು ಈ ಪ್ರಮಾಣದಲ್ಲಿ ಕೊಡತಕ್ಕದ್ದೇ ಎಂದು ಒಂದು ಕ್ಷಣ ನಿಂತು ಯೋಚಿಸುವವನೇ ನಿಜವಾದ ಬರಹಗಾರನು.

ಈ ಕೆಲಸದಲ್ಲಿ ಸಂಬಳವನ್ನು ಅನೇಕ ಕಡೆ ಸಾಲುಗಳ ಲೆಕ್ಕದಲ್ಲಿ ಕೊಡುತ್ತಾರೆ. ಎಡೆಗಳೂ ಸೇರಿ 65 ಅಕ್ಷರಸ್ಥಾನಗಳಿಗೆ ಒಂದು ಸಾಲೆಂದು ಎಣಿಸುವ ರೂಢಿಯುಂಟು. ಹೆಚ್ಚು ಸಾಲು ಬರೆದವನಿಗೆ ಹೆಚ್ಚು ಹಣ ಬರುವುದರಿಂದ ಕೈಯು ಓಡಲು ಬಯಸುವುದು ಸಹಜ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ಇಲ್ಲಿ ಮರೆಯಲಾಗದು. ಮಾತು ಸ್ಪಷ್ಟವಾಗಿ ಕೇಳಿಸದಿದ್ದರೆ ಊಹಿಸಿ ಬರೆಯಬಾರದೆಂಬುದು ಈ ಉದ್ಯೋಗದ ಮೊದಲನೆಯ ನಿಯಮ. ಆ ಸ್ಥಳವನ್ನು ಖಾಲಿ ಬಿಟ್ಟು, ಧ್ವನಿಮುದ್ರಣದ ಎಷ್ಟನೆಯ ನಿಮಿಷದಲ್ಲಿ ಸಂದೇಹ ಬಂದಿತೆಂಬುದನ್ನು ಗುರುತಿಸಿ, ವೈದ್ಯರಿಗೇ ಮರಳಿಸಬೇಕು. ತರಗತಿಯಲ್ಲಿ ತಿಳಿಯದ ಪದ ಬಂದಾಗ ಪಕ್ಕದವನ ಪುಸ್ತಕವನ್ನು ಇಣಿಕಿ ನೋಡುವವರು ಈ ನಿಯಮವನ್ನು ಚೆನ್ನಾಗಿ ಮನನ ಮಾಡಿಕೊಳ್ಳಲಿ!

4. ಕಲಿತದ್ದು ಹಳೆಯದಾಗುವುದು

ಇಷ್ಟೆಲ್ಲವನ್ನೂ ಒಮ್ಮೆ ಕಲಿತುಬಿಟ್ಟರೆ ಸಾಕಲ್ಲವೆ ಎಂದು ನೀವು ಕೇಳಬಹುದು. ಸಾಲದು. ಮೂಳೆಗಳ ಹೆಸರು ಬದಲಾಗಲಾರದು. ಮದ್ದುಗಳ ಹೆಸರು ಬದಲಾಗುತ್ತದೆ, ಬರೆಯುವ ನಿಯಮಗಳೂ ಬದಲಾಗುತ್ತವೆ.

ಜಠರದ ಆಮ್ಲವನ್ನು ತಗ್ಗಿಸುವ ‘ಲೋಸೆಕ್’ ಎಂಬ ಮದ್ದು ಅಮೇರಿಕಾದಲ್ಲಿ ಮಾರಾಟಕ್ಕೆ ಬಂದಾಗ, ಮೂತ್ರವನ್ನು ಹೆಚ್ಚಿಸುವ ‘ಲೇಸಿಕ್ಸ್’ ಎಂಬ ಹಳೆಯ ಮದ್ದಿನೊಡನೆ ಅದರ ಹೆಸರು ಗೊಂದಲವಾಗತೊಡಗಿತು. ಆದುದರಿಂದ 1990ರಲ್ಲಿ ಅಲ್ಲಿ ಅದರ ಹೆಸರನ್ನು ‘ಪ್ರಿಲೋಸೆಕ್’ ಎಂದು ಬದಲಿಸಿದರು. ಮನಸ್ಸಿನ ಖಿನ್ನತೆಗೆ ಕೊಡುವ ‘ಬ್ರಿಂಟೆಲಿಕ್ಸ್’ ಎಂಬ ಮದ್ದು, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ‘ಬ್ರಿಲಿಂಟಾ’ ಎಂಬ ಮದ್ದಿನೊಡನೆ ಕಲಸಿಹೋಗುತ್ತಿದ್ದುದರಿಂದ, 2016ರಲ್ಲಿ ಅದು ‘ಟ್ರಿಂಟೆಲಿಕ್ಸ್’ ಆಯಿತು. ಈ ಸುದ್ದಿಯನ್ನು ಓದದ ಬರಹಗಾರನಿಗೆ ಮರುದಿನ ವೈದ್ಯರು ಹೊಸ ಹೆಸರನ್ನು ನುಡಿದಾಗ, ತನ್ನ ಕಿವಿಯೇ ತಪ್ಪಿತೆಂದು ಭಾವಿಸಿ ಹಳೆಯ ಹೆಸರನ್ನೇ ಬರೆಯುವ ಮೋಹವುಂಟಾಗುವುದು. ಅಲ್ಲದೆ ದೇಶಭೇದದಿಂದಲೂ ಹೆಸರು ಬೇರೆಯಾಗುತ್ತದೆ. ಜ್ವರ ಬಂದಾಗ ನಾವು ನುಂಗುವ ಪ್ಯಾರಾಸಿಟಮಾಲ್ ಅಮೇರಿಕಾದಲ್ಲಿ ‘ಅಸಿಟಮಿನೋಫೆನ್’. ನಮ್ಮ ಅಡ್ರಿನಾಲಿನ್ ಅಲ್ಲಿ ‘ಎಪಿನೆಫ್ರಿನ್’.

ಬರೆಯುವ ನಿಯಮಗಳ ವಿಷಯವೂ ಹೀಗೆಯೇ. ಇನ್ಸುಲಿನ್‌ನ ಘಟಕವನ್ನು ಸೂಚಿಸಲು ಇಂಗ್ಲಿಷಿನ ‘ಯು’ ಎಂಬ ಒಂದೇ ಅಕ್ಷರವನ್ನು ಬರೆಯುವ ರೂಢಿ ಬಹುಕಾಲವಿದ್ದಿತು. ಆತುರದಲ್ಲಿ ಗೀಚಿದ ಆ ಅಕ್ಷರವು ಸೊನ್ನೆಯಂತೆ ಕಾಣುವುದರಿಂದ 10 ಘಟಕವು 100 ಆಗಿ ಓದಲ್ಪಡುವ ಭಯವಿದ್ದಿತು. ಹಾಗೆಯೇ 1.0 ಎಂದು ಬರೆದಾಗ ಬಿಂದು ಮಾಸಿದ್ದರೆ ಅದು 10 ಆಗುವುದು, ಮುಂದೆ ಸೊನ್ನೆಯಿಲ್ಲದೆ.5 ಎಂದು ಬರೆದರೆ ಅದು 5 ಆಗುವುದು. ಅಮೇರಿಕಾದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ‘ಜಾಯಿಂಟ್ ಕಮಿಷನ್’ ಎಂಬ ಸಂಸ್ಥೆಯು 2004ರಲ್ಲಿ ‘ಬಳಸಕೂಡದ ಸಂಕ್ಷೇಪಗಳು’ ಎಂಬ ಪಟ್ಟಿಯನ್ನು ಹೊರಡಿಸಿ ಇಂತಹವನ್ನೆಲ್ಲ ನಿಷೇಧಿಸಿತು. ಘಟಕವೆಂಬ ಪದವನ್ನು ಪೂರ್ತಿಯಾಗಿ ಬರೆಯಬೇಕು; ಪೂರ್ಣಸಂಖ್ಯೆಯ ಹಿಂದೆ ಬಿಂದುವೂ ಸೊನ್ನೆಯೂ ಕೂಡದು; ದಶಮಾಂಶದ ಮುಂದೆ ಸೊನ್ನೆ ಇರಲೇಬೇಕು. 2003ರಲ್ಲಿ ತರಬೇತಿ ಪಡೆದು ಆಮೇಲೆ ಏನನ್ನೂ ಓದದವನು, ತಾನು ಸರಿಯಾಗಿ ಬರೆಯುತ್ತಿದ್ದೇನೆಂಬ ದೃಢವಿಶ್ವಾಸದಿಂದಲೇ ಮರುವರ್ಷ ತಪ್ಪು ಬರೆಯುತ್ತಿದ್ದನು!

5. ಯಂತ್ರವು ಬಂದ ಮೇಲೆ

ಈಗ ಮಾತನ್ನು ಕೇಳಿ ಯಂತ್ರವೇ ಬರೆಯುತ್ತದೆ. 2009ರಲ್ಲಿ ಅಮೇರಿಕಾ ಸರಕಾರವು ಕಾಯಿದೆಯೊಂದರ ಮೂಲಕ ರೋಗಿಗಳ ದಾಖಲೆಗಳನ್ನು ಗಣಕಯಂತ್ರದಲ್ಲಿಡಲು ಆಸ್ಪತ್ರೆಗಳಿಗೆ ಧನಸಹಾಯ ಮಾಡಿತು. ಅಂದಿನಿಂದ ಹೇಳಿ ಬರೆಯಿಸುವ ಬದಲು ಎಷ್ಟೋ ವೈದ್ಯರು ತಾವೇ ದಾಖಲಿಸತೊಡಗಿದರು. ವೈದ್ಯರೂ ರೋಗಿಯೂ ಆಡುವ ಮಾತನ್ನು ಕೊಠಡಿಯಲ್ಲಿಯೇ ಕೇಳಿ ವರದಿಯ ಕರಡನ್ನು ಸಿದ್ಧಪಡಿಸುವ ಯಂತ್ರಗಳು ಈಚಿನ ವರ್ಷಗಳಲ್ಲಿ ಬಂದಿವೆ. ಹಾಗಾದರೆ ಮನುಷ್ಯನ ಕಿವಿಗೆ ಕೆಲಸ ಮುಗಿಯಿತೆ?

2018ರಲ್ಲಿ ಅಮೇರಿಕಾದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ಇದಕ್ಕೆ ಉತ್ತರ ಕೊಡುತ್ತದೆ. ವೈದ್ಯರು ಹೇಳಿ ಬರೆಯಿಸಿದ 217 ವರದಿಗಳನ್ನು ಅದರಲ್ಲಿ ಪರೀಕ್ಷಿಸಲಾಗಿತ್ತು. ಯಂತ್ರವೊಂದೇ ಬರೆದಾಗ ನೂರು ಪದಗಳಿಗೆ ಏಳಕ್ಕಿಂತ ಹೆಚ್ಚು ತಪ್ಪುಗಳಿದ್ದವು. ಅನುಭವವುಳ್ಳ ಬರಹಗಾರರು ಕೇಳಿ ತಿದ್ದಿದ ಮೇಲೆ ಅವು ಸಾವಿರ ಪದಗಳಿಗೆ ನಾಲ್ಕಕ್ಕೆ ಇಳಿದವು. ವೈದ್ಯರು ಓದಿ ಸಹಿ ಹಾಕಿದ ಮೇಲೆ ಮೂರಾದವು. ಯಂತ್ರವು ಬರೆದುದನ್ನು ತಿದ್ದಿದ ಮನುಷ್ಯನ ಶ್ರಮ ಎಂತಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಯಂತ್ರದ ತಪ್ಪಿಗೂ ಮನುಷ್ಯನ ತಪ್ಪಿಗೂ ಒಂದು ವ್ಯತ್ಯಾಸವುಂಟು. ಮನುಷ್ಯನು ಕೇಳಿಸದ ಸ್ಥಳದಲ್ಲಿ ತಡವರಿಸುತ್ತಾನೆ. ಯಂತ್ರವು ತಡವರಿಸದೆ ಏನನ್ನಾದರೂ ಬರೆದುಬಿಡುತ್ತದೆ. ‘ವಿಸ್ಪರ್’ ಎಂಬ ಹೆಸರಿನ ಯಂತ್ರಬರಹದ ಸಾಧನವನ್ನು ಕುರಿತು 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಾತಿನ ತೊಂದರೆಯುಳ್ಳವರ ಹಾಗೂ ಇಲ್ಲದವರ ಧ್ವನಿಮುದ್ರಣಗಳನ್ನು ಅದರಿಂದ ಬರೆಯಿಸಿ ನೋಡಿದರು. ನೂರರಲ್ಲಿ ಸುಮಾರು ಒಂದು ತುಣುಕಿನಲ್ಲಿ, ಯಾರೂ ಆಡದೆ ಇದ್ದ ಮಾತುಗಳನ್ನು ಅದು ತಾನೇ ಕಲ್ಪಿಸಿ ಸೇರಿಸಿತ್ತು. ಆ ವಾಕ್ಯಗಳಲ್ಲಿ ಕಾಗುಣಿತದ ತಪ್ಪು ಇರುವುದಿಲ್ಲ, ವ್ಯಾಕರಣದ ತಪ್ಪು ಇರುವುದಿಲ್ಲ, ಸತ್ಯವೊಂದೇ ಇರುವುದಿಲ್ಲ. ಇಂತಹ ತಪ್ಪನ್ನು ಬರಿಯ ಕಣ್ಣಿನಿಂದ ಹಿಡಿಯಲಾಗದು. ಮೂಲಧ್ವನಿಯನ್ನು ಕೇಳಬೇಕು, ವಿಷಯವನ್ನು ತಿಳಿದಿರಬೇಕು.

ಆದುದರಿಂದ ಈ ಉದ್ಯೋಗವು ಬರೆಯುವ ಕೆಲಸದಿಂದ ತಿದ್ದುವ ಕೆಲಸವಾಗಿ ಮಾರ್ಪಡುತ್ತಿದೆ. ಮೇಲೆ ಹೇಳಿದ ಸಂಘವು ಕೂಡ 2007ರಲ್ಲಿ ತನ್ನ ಹೆಸರಿನಿಂದ ‘ಪ್ರತಿಲೇಖನ’ ಎಂಬ ಪದವನ್ನು ಬಿಟ್ಟು, ಆರೋಗ್ಯದಾಖಲೆಗಳ ಸಮಗ್ರತೆಯನ್ನು ಕಾಯುವ ಸಂಘವೆಂಬ ಅರ್ಥದ ಹೊಸ ಹೆಸರನ್ನಿಟ್ಟುಕೊಂಡಿತು.

6. ಹೊಸ ಸಮಾಚಾರವನ್ನು ತಿಳಿಯುವ ಕ್ರಮ

ಇಂದು ಸಮಾಚಾರಕ್ಕೆ ಬರವಿಲ್ಲ. ಅಂತರ್ಜಾಲದಲ್ಲಿ ಅದು ಮಳೆಗಾಲದ ಹೊಳೆಯಂತೆ ಹರಿಯುತ್ತಿದೆ. ಹೊಳೆಯ ನೀರೆಲ್ಲ ಕುಡಿಯಲು ಯೋಗ್ಯವಲ್ಲ. ಸೋಸಿಕೊಳ್ಳುವುದಕ್ಕೆ ಈ ಐದು ನಿಯಮಗಳು ಸಹಾಯಕವಾಗುವುವು.

(ಅ) ಮೂಲಕ್ಕೆ ಹೋಗಬೇಕು. ಅಮೇರಿಕಾದ ಮದ್ದುಗಳ ಹೆಸರಿಗೆ ಅಲ್ಲಿಯ ಆಹಾರ ಮತ್ತು ಔಷಧ ಆಡಳಿತದ ಪ್ರಕಟಣೆ, ಭಾರತದ ಮದ್ದುಗಳಿಗೆ ನಮ್ಮ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಪ್ರಕಟಣೆ, ಬರವಣಿಗೆಯ ನಿಯಮಕ್ಕೆ ಮಾನ್ಯತಾಸಂಸ್ಥೆಯ ಮತ್ತು ವೃತ್ತಿಸಂಘದ ಕೈಪಿಡಿ—ಇವೇ ಪ್ರಮಾಣ. ಉಳಿದವರು ಹೇಳುವುದು ಇವುಗಳ ಪ್ರತಿಧ್ವನಿ ಮಾತ್ರ.

(ಆ) ದಿನಾಂಕವನ್ನು ನೋಡಬೇಕು. ದಿನಾಂಕವಿಲ್ಲದ ಲೇಖನವು ಊರಿನ ಹೆಸರಿಲ್ಲದ ಮೈಲಿಗಲ್ಲಿನಂತೆ. ಹತ್ತು ವರ್ಷ ಹಿಂದಿನ ಸಲಹೆಯನ್ನು ಇಂದಿನದೆಂದು ತಿಳಿದರೆ ಓದದಿದ್ದುದಕ್ಕಿಂತ ಹೆಚ್ಚಿನ ಹಾನಿಯಾಗುವುದು.

(ಇ) ಬರೆದವರ ಉದ್ದೇಶವನ್ನು ವಿಚಾರಿಸಬೇಕು. ಯಂತ್ರವನ್ನು ಮಾರುವವನು ಯಂತ್ರವು ತಪ್ಪೇ ಮಾಡದೆನ್ನುವನು; ತರಬೇತಿಯನ್ನು ಮಾರುವವನು ಕೆಲಸವು ಕಾದು ಕುಳಿತಿದೆಯೆನ್ನುವನು. ದಿನವೂ ಈ ಕೆಲಸವನ್ನೇ ಮಾಡುತ್ತಿರುವ ಅನುಭವಿಯು ತನ್ನ ತಪ್ಪುಗಳನ್ನೂ ಸೇರಿಸಿ ಬರೆದುದು ಹೆಚ್ಚು ಬೆಲೆಯುಳ್ಳದು.

(ಈ) ಒಂದೇ ಬಾಯಿಂದ ಬಂದುದನ್ನು ನಂಬಬಾರದು. ಒಂದು ಕಡೆ ಓದಿದುದನ್ನು ಮತ್ತೊಂದು ಸ್ವತಂತ್ರವಾದ ಮೂಲದಲ್ಲಿ ಒರೆಹಚ್ಚಿ ನೋಡಬೇಕು. ಒಬ್ಬರನ್ನು ನೋಡಿ ಹತ್ತು ಮಂದಿ ನಕಲು ಮಾಡಿದ್ದರೆ ಅದು ಹತ್ತು ಸಾಕ್ಷಿಯಾಗದು, ಒಂದೇ ಸಾಕ್ಷಿ.

(ಉ) ತಿಳಿದುದನ್ನು ಬರೆದಿಡಬೇಕು. ಅಕಾರಾದಿಯಾಗಿ ಒಂದು ಪುಸ್ತಕವನ್ನಿಟ್ಟುಕೊಂಡು, ಹೊಸ ಪದ, ಅದರ ಅರ್ಥ, ಅದಕ್ಕೆ ಹೋಲುವ ಪದ, ಓದಿದ ಸ್ಥಳ, ದಿನಾಂಕ ಇವನ್ನು ಬರೆಯಬೇಕು. ವಾರದಲ್ಲಿ ಒಂದು ಗಂಟೆಯನ್ನು ಇದಕ್ಕಾಗಿಯೇ ಮೀಸಲಿಟ್ಟರೆ ವರ್ಷಕ್ಕೆ ಐವತ್ತೆರಡು ಗಂಟೆಯಾಯಿತು. ಹನಿಗೂಡಿದರೆ ಹಳ್ಳ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಸಂದೇಹವನ್ನು ಪರಿಹರಿಸಿಕೊಳ್ಳಲು ಇತರರನ್ನು ಕೇಳುವಾಗ ರೋಗಿಯ ಹೆಸರಾಗಲಿ ಗುರುತಾಗಲಿ ಹೊರಬೀಳಕೂಡದು. ರೋಗಿಯ ಗುಟ್ಟನ್ನು ಕಾಯುವುದಕ್ಕೆ ಅಮೇರಿಕಾದಲ್ಲಿ 1996ರ ಕಾಯಿದೆಯಿದೆ. ನಮ್ಮಲ್ಲಿಯೂ ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಕಾಯಿದೆಯಾಗಿದೆ. ಕಾಯಿದೆ ಇಲ್ಲದಿದ್ದರೂ, ಕೇಳಿದ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಸಜ್ಜನರ ಲಕ್ಷಣ.

7. ತಂದೆತಾಯಿಗಳಲ್ಲಿ ಎರಡು ಮಾತು

ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳಿಂದ ಈ ಕೆಲಸವಾದೀತೆ ಎಂದು ಪೋಷಕರು ಕೇಳುವುದುಂಟು. ಆಗುತ್ತದೆ, ಆದರೆ ಇಂಗ್ಲಿಷ್ ಭಾಷೆಯನ್ನು ಕೇಳಿ ತಿಳಿಯುವ ಅಭ್ಯಾಸವನ್ನು ಶ್ರದ್ಧೆಯಿಂದ ಬೆಳೆಸಿಕೊಳ್ಳಬೇಕು. ಅಮೇರಿಕಾದ ಆಸ್ಪತ್ರೆಗಳಲ್ಲಿ ನಾನಾ ದೇಶಗಳಿಂದ ಬಂದ ವೈದ್ಯರಿರುವುದರಿಂದ ಇಂಗ್ಲಿಷಿನ ನಾನಾ ಉಚ್ಚಾರಣೆಗಳು ಕಿವಿಗೆ ಬೀಳುತ್ತವೆ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲೆಯಾಳ, ಶಾಲೆಯಲ್ಲಿ ಕನ್ನಡವೆಂದು ದಿನಕ್ಕೆ ಮೂರು ನುಡಿಗಳನ್ನು ಕೇಳಿ ಬೆಳೆದ ಈ ಗಡಿನಾಡಿನ ಮಗುವಿಗೆ, ನುಡಿಯ ಸೂಕ್ಷ್ಮಭೇದವನ್ನು ಗುರುತಿಸುವ ಕಿವಿಯು ಹುಟ್ಟಿನಿಂದಲೇ ಬಂದ ಆಸ್ತಿ. ಅದನ್ನು ಕೊರತೆಯೆಂದು ಭಾವಿಸಬೇಡಿರಿ.

ಎರಡನೆಯ ಮಾತು ಹಣದ್ದು. ಬರಿಯ ಬೆರಳಚ್ಚಿನ ವೇಗವನ್ನು ನಂಬಿದ ಕೆಲಸಗಳು ಕಡಮೆಯಾಗುತ್ತಿವೆ. ಅಮೇರಿಕಾ ಸರಕಾರದ ಕಾರ್ಮಿಕ ಅಂಕಿಅಂಶ ಇಲಾಖೆಯೂ ಈ ಉದ್ಯೋಗದ ಸ್ಥಾನಗಳು ಇಳಿಮುಖವಾಗುವುವೆಂದೇ ಅಂದಾಜು ಮಾಡಿದೆ. ಆದುದರಿಂದ ಯಾವ ಸಂಸ್ಥೆಯಾದರೂ ಕೆಲಸ ನಿಶ್ಚಯವೆಂದು ಹೇಳಿ ಶುಲ್ಕವನ್ನು ಕೇಳಿದರೆ, ಹಣ ಕಟ್ಟುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿರಿ: ಕಳೆದ ವರ್ಷ ಕಲಿತವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ? ಯಂತ್ರವು ಬರೆದುದನ್ನು ತಿದ್ದುವ ವಿದ್ಯೆಯನ್ನು ಕಲಿಸುತ್ತೀರಾ? ಶರೀರಶಾಸ್ತ್ರವನ್ನೂ ಔಷಧಗಳ ಜ್ಞಾನವನ್ನೂ ಎಷ್ಟು ತಿಂಗಳು ಬೋಧಿಸುತ್ತೀರಿ? ಉತ್ತರವು ಅಸ್ಪಷ್ಟವಾಗಿದ್ದರೆ ಹಣವು ನಿಮ್ಮ ಪೆಟ್ಟಿಗೆಯಲ್ಲಿಯೇ ಇರಲಿ.

ವಿದ್ಯಾರ್ಥಿಗಳೆ, ದೇಶ ಸುತ್ತು ಕೋಶ ಓದು ಎಂದು ಹಿರಿಯರು ಹೇಳಿದರು. ಈ ಉದ್ಯೋಗದಲ್ಲಿ ಕುಳಿತಲ್ಲಿಯೇ ದೇಶ ಸುತ್ತಿದಂತಾಗುವುದು. ಆದರೆ ಕೋಶವನ್ನು ಓದುವುದು ಎಂದಿಗೂ ಮುಗಿಯದು. ನೀವು ಮುಂದೆ ಯಾವ ವೃತ್ತಿಯನ್ನೇ ಹಿಡಿಯಿರಿ, ಶಿಕ್ಷಕರಾಗಿರಿ, ಕೃಷಿಕರಾಗಿರಿ, ದಾದಿಯರಾಗಿರಿ, ಈ ಮಾತು ಅಲ್ಲಿಯೂ ಸಲ್ಲುವುದು. ನಾಳೆ ಗುರುಗಳು ಉಕ್ತಲೇಖನಕ್ಕೆಂದು ಪುಸ್ತಕ ತೆರೆಯಿಸಿದಾಗ, ನೀವು ಬರೆಯುವ ಪ್ರತಿಯೊಂದು ಅಕ್ಷರವನ್ನೂ ನಂಬಿ ಒಬ್ಬ ರೋಗಿಯು ಹಾಸಿಗೆಯಲ್ಲಿ ಕಾದಿದ್ದಾನೆಂದು ಭಾವಿಸಿ ಬರೆಯಿರಿ.

ಅಭ್ಯಾಸ

1. ‘ಇಲಿಯಮ್’ ಎಂಬ ಪದವನ್ನು ಬರೆಯಲು ಕಿವಿಯೊಂದೇ ಏಕೆ ಸಾಲದು? ವಿವರಿಸಿರಿ.
2. 1.0 ಮತ್ತು .5 ಎಂದು ಬರೆಯಬಾರದೇಕೆ? ಸರಿಯಾದ ರೂಪಗಳನ್ನು ಬರೆಯಿರಿ.
3. ಯಂತ್ರದ ತಪ್ಪಿಗೂ ಮನುಷ್ಯನ ತಪ್ಪಿಗೂ ಇರುವ ವ್ಯತ್ಯಾಸವೇನು?
4. ಹೊಸ ಸಮಾಚಾರವನ್ನು ಸೋಸಿಕೊಳ್ಳುವ ಐದು ನಿಯಮಗಳನ್ನು ನಿಮ್ಮ ಸ್ವಂತ ಮಾತುಗಳಲ್ಲಿ ಹೇಳಿರಿ.
5. ಕೇಳಲು ಒಂದೇ ಬಗೆಯಾಗಿದ್ದು ಅರ್ಥದಲ್ಲಿ ಬೇರೆಯಾಗಿರುವ ಹತ್ತು ಜೊತೆ ಕನ್ನಡ ಪದಗಳನ್ನು ಮನೆಯಲ್ಲಿ ಹಿರಿಯರನ್ನು ಕೇಳಿ ಸಂಗ್ರಹಿಸಿರಿ.